ಉತ್ತರಕುಮಾರನ ಓಟಕ್ಕೆ ನಗಬಹುದೇ?

ಪ್ರಶ್ನೆ (ಮಂಡ್ಯ): ನಮ್ಮೂರಿನ ಗಮಕ ವಾಚನದಲ್ಲಿ (ಕಾವ್ಯವನ್ನು ರಾಗವಾಗಿ ಓದುವ ಕಾರ್ಯಕ್ರಮದಲ್ಲಿ), 15ನೆಯ ಶತಮಾನದ ಕುಮಾರವ್ಯಾಸನ ವಿರಾಟಪರ್ವವನ್ನು ಓದುವಾಗ, ಹೆಂಗಳೆಯರೆದುರು ಪೌರುಷ ಕೊಚ್ಚಿಕೊಂಡ ವಿರಾಟರಾಜನ ಮಗ ಉತ್ತರನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವಲ್ಲಿ ಸಭೆಯೆಲ್ಲ ನಕ್ಕಿತು. ನನಗೇಕೋ ಮುಜುಗರವಾಯಿತು. ಹೆದರಿದ ಹುಡುಗನನ್ನು ಕಂಡು ನಗಬೇಕೆಂಬುದೇ ಕವಿಯ ಆಶಯವೇ?

ಉತ್ತರ (ಮೈಸೂರು): ಕವಿ ನಗಿಸುವುದು ಅವನ ಬಡಾಯಿಯನ್ನು ಮುಂದಿಟ್ಟುಕೊಂಡು. ಕೌರವರು ಹಸುಗಳನ್ನು ಹಿಡಿದರೆಂದು ಗೋವಳರು ಮೊರೆಯಿಟ್ಟಾಗ ಸಾರಥಿಯಿಲ್ಲವೆಂಬ ನೆಪ ಹೇಳುತ್ತಲೇ ಭೀಷ್ಮದ್ರೋಣರನ್ನು ಹಗುರವಾಗಿ ಆಡಿದವನು ಅವನು. ಆ ಮಾತುಗಳನ್ನು ಬಿಟ್ಟು ಓಟವನ್ನಷ್ಟೇ ಓದಿದರೆ ನಗು ಕ್ರೂರವೆನಿಸೀತು.

ಇನ್ನೊಂದು ಉತ್ತರ: ನನ್ನ ತಕರಾರು ಬೇರೆ. ಸಂಸ್ಕೃತದ ವ್ಯಾಸಭಾರತದಲ್ಲಿ ನೀಳ ಜಡೆಯನ್ನೂ ಕೆಂಪು ವಸ್ತ್ರವನ್ನೂ ಹಾರಾಡಿಸುತ್ತ ಉತ್ತರನನ್ನು ಅಟ್ಟಿಸಿಕೊಂಡು ಹೋಗುವ ಅವನ ಸಾರಥಿ ಬೃಹನ್ನಳೆಯನ್ನು (ವೇಷ ಮರೆಸಿಕೊಂಡ ಅರ್ಜುನನನ್ನು) ಕಂಡು ಸೈನಿಕರೂ ನಗುತ್ತಾರೆ. ವೇಷವನ್ನೇ ಹಾಸ್ಯವಾಗಿಸುವ ಈ ನಗು ಇಂದು ಇರುಸುಮುರುಸು ತರುವುದು ಸಹಜ. ಆದರೂ ಒಳಗಿರುವವನು ಅರ್ಜುನನೆಂದು ನಮಗೆ ಗೊತ್ತು, ನಗುವ ಆ ಸೈನಿಕರಿಗೆ ಗೊತ್ತಿಲ್ಲ.

ಪ್ರಶ್ನಿಸಿದವರು: ಹಾಗಾದರೆ ಮುಂದಿನ ವಾಚನವನ್ನು ಗೋವಳರ ದೂರಿನಿಂದಲೇ ಆರಂಭಿಸುವಂತೆ ಗಮಕಿಗಳನ್ನು ಕೇಳಿಕೊಳ್ಳುತ್ತೇನೆ.