‘ಮಾಸ್ ಇನ್ಕಾರ್ಸರೇಷನ್’ಗೆ ಏನನ್ನೋಣ? ‘ಸಾಮೂಹಿಕ ಸೆರೆವಾಸ’ ನನಗೆ ಒಗ್ಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಲಾ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ಶಿಕ್ಷೆಯ ಸಿದ್ಧಾಂತಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿಟ್ಟ ಪಾಠವನ್ನು ಕನ್ನಡಕ್ಕೆ ಮಾಡಿಕೊಡು ಅಂತ ಕೊಟ್ಟಿದ್ದಾಳೆ. ಮೂವತ್ತೇ ಪುಟ, ನಾಲ್ಕು ದಿನದ ಕೆಲಸ ಅಂದುಕೊಂಡಿದ್ದೆ. ಹದಿನೈದು ದಿನ ಆಯಿತು, ಒಂದೇ ಪದದ ಮುಂದೆ ಕೂತಿದ್ದೇನೆ: ‘ಮಾಸ್ ಇನ್ಕಾರ್ಸರೇಷನ್’. ಅಮೆರಿಕದಲ್ಲಿ ಲಕ್ಷಗಟ್ಟಲೆ ಜನರನ್ನು ಜೈಲಿಗೆ ಹಾಕುತ್ತಾ ಬಂದದ್ದಕ್ಕೆ ಇಟ್ಟ ಹೆಸರು ಅದು.

ಥಟ್ಟನೆ ಬಾಯಿಗೆ ಬರೋದು ‘ಸಾಮೂಹಿಕ ಸೆರೆವಾಸ’. ಆದರೆ ಸಾಮೂಹಿಕ ಅಂದರೆ ನಮ್ಮ ಕಡೆಯವರಿಗೆ ನೆನಪಾಗೋದು ಸಾಮೂಹಿಕ ವಿವಾಹದ ಪೆಂಡಾಲು. ಒಂದೇ ದಿನ, ಒಂದೇ ಜಾಗ, ಎಲ್ಲರೂ ಒಟ್ಟಿಗೆ. ಹಾಗೆ ನೋಡಿದರೆ ಆ ಪದ ಒಪ್ಪೋದು ನಮ್ಮೂರಿನ ಅಲ್ಲೀಪುರ ಜೈಲಿಗೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹಿಡಿದವರನ್ನು ಎಲ್ಲೆಲ್ಲಿಂದಲೋ ತಂದು ಅಲ್ಲಿಟ್ಟರು, ಮುಂದೆ ಮದ್ರಾಸಿನ ಮುಖ್ಯಮಂತ್ರಿಯಾದ ಕಾಮರಾಜರನ್ನೂ ಸೇರಿಸಿ. ಅದು ಒಟ್ಟಿಗೆ ಹೋದ ಜೈಲು, ಬೇಕು ಅಂತಲೇ ಹೋದ ಜೈಲು. ಇನ್ನು ‘ಸಾಮೂಹಿಕ ಶಿಕ್ಷೆ’ ಅಂದರಂತೂ ಅರ್ಥವೇ ಬೇರೆ, ಯಾರೋ ಒಬ್ಬರು ಮಾಡಿದ್ದಕ್ಕೆ ಊರಿಗೆಲ್ಲ ಪುಂಡುಗಂದಾಯ ಹಾಕುತ್ತಿದ್ದರಲ್ಲ, ಅದು.

ಅಮೆರಿಕದ ಕತೆ ಇದ್ಯಾವುದೂ ಅಲ್ಲ. ಅಲ್ಲಿ ಒಬ್ಬೊಬ್ಬರೇ ಹೋಗುತ್ತಾರೆ, ಬೇರೆ ಬೇರೆ ದಿನ, ಬೇರೆ ಬೇರೆ ಕೇಸಿನಲ್ಲಿ. ಹೋಗೋದು ಮಾತ್ರ ನಿಲ್ಲೋದೇ ಇಲ್ಲ. 1972ರ ಹೊತ್ತಿಗೆ ಅಲ್ಲಿನ ರಾಜ್ಯ ಮತ್ತು ಫೆಡರಲ್ ಸೆರೆಮನೆಗಳಲ್ಲಿ ಸುಮಾರು 2 ಲಕ್ಷ ಜನ ಇದ್ದರು, 2009ಕ್ಕೆ ಸುಮಾರು 16 ಲಕ್ಷ. ಶಿಕ್ಷೆ ಆಗದೆ ಲೋಕಲ್ ಜೈಲುಗಳಲ್ಲಿ ಕೂತವರು ಈ ಲೆಕ್ಕಕ್ಕೆ ಬಂದಿಲ್ಲ. (ಅಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ. ನಮಗೆ ಎರಡೂ ಜೈಲೇ. ಅದು ಇನ್ನೊಂದು ತಲೆನೋವು, ಇನ್ನೊಂದು ದಿನ ಕೇಳ್ತೀನಿ.) ಡೇವಿಡ್ ಗಾರ್ಲೆಂಡ್ ಅನ್ನುವ ಸಮಾಜಶಾಸ್ತ್ರಜ್ಞ 2001ರಲ್ಲಿ ಇದಕ್ಕೆ ಎರಡು ಗುರುತು ಹೇಳಿದರು. ಒಂದು, ಆ ದೇಶದಲ್ಲೇ ಹಿಂದೆಂದೂ ಇಲ್ಲದಷ್ಟು ಜನ ಒಳಗಿರಬೇಕು. ಇನ್ನೊಂದು, ತಪ್ಪು ಮಾಡಿದ ಒಬ್ಬೊಬ್ಬನನ್ನು ಹಿಡಿಯೋದು ಹೋಗಿ ಒಂದು ಗುಂಪಿನ ಜನವನ್ನೇ ಒಳಗೆ ಹಾಕೋದು ರೂಢಿಯಾಗಿರಬೇಕು. ನಾನು ಹುಡುಕುತ್ತಿರುವ ಪದದಲ್ಲಿ ಈ ಎರಡನೆಯದು ಬರಬೇಕು. 1986ರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್ ಕೊಕೇನಿಗೆ (ಹರಳು ಮಾಡಿ ಸೇದುವ ಕೊಕೇನು) ಎಷ್ಟು ಶಿಕ್ಷೆಯೋ 500 ಗ್ರಾಂ ಪುಡಿ ಕೊಕೇನಿಗೂ ಅಷ್ಟೇ ಇತ್ತು, ಕಮ್ಮಿ ಅಂದರೂ ಐದು ವರ್ಷ. ಕ್ರ್ಯಾಕ್ ಕೇಸಿನಲ್ಲಿ ಒಳಗೆ ಹೋದವರು ಬಹುಪಾಲು ಕಪ್ಪು ಜನ. ಕೇರಿಗೆ ಕೇರಿಯೇ ಖಾಲಿ ಆಗೋದು ಹೀಗೆ.

ಪಾಠದ ಉಳಿದ ಪದಗಳಲ್ಲೂ ಇದೇ ಪಾಡು, ಆದರೆ ಅಲ್ಲಿ ಒಂಚೂರು ದಾರಿ ಸಿಕ್ಕಿದೆ. ರೆಟ್ರಿಬ್ಯೂಷನ್‌ಗೆ ಎಲ್ಲರೂ ‘ಪ್ರತೀಕಾರ’ ಅಂತ ಬರೆದುಬಿಡುತ್ತಾರೆ. ಪ್ರತೀಕಾರ ಅಂದರೆ ಸೇಡು, ಸೇಡಿಗೆ ಅಳತೆ ಇಲ್ಲ. ಜರ್ಮನ್ ತತ್ವಜ್ಞಾನಿ ಕಾಂಟ್ ಹೇಳಿದ್ದು ಅಳತೆ ಇರುವ ವಾಪಸಾತಿ, ಮಾಡಿದ್ದಕ್ಕೆ ತಕ್ಕಷ್ಟು. ನನಗೆ ‘ಮುಯ್ಯಿ’ ಹೊಳೆಯಿತು. ಮದುವೆಯಲ್ಲಿ ಅವರು ಐನೂರು ಮುಯ್ಯಿ ಮಾಡಿದ್ದರೆ ಅವರ ಮನೆ ಮದುವೆಗೆ ನಾವೂ ಐನೂರು ಮಾಡಬೇಕು, ಹೊಲದಲ್ಲಿ ಮುಯ್ಯಾಳು ಹೋದರೂ ಅದೇ ಲೆಕ್ಕ. ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಡಿಟೆರೆನ್ಸ್‌ಗೆ ‘ನಿರೋಧಕ ಸಿದ್ಧಾಂತ’ ಅಂತ ಹಾಕಿದ್ದೆ, ನಿರೋಧ್ ಅಂದ ಮೇಲೆ ಕ್ಲಾಸು ಕೈಲಿ ಇರೋದಿಲ್ಲ ಕಣೇ ಅಂತ ಗೆಳತಿ ಹೊಡೆದು ಹಾಕಿದಳು. ‘ಹೆದರಿಕೆಯ ವಾದ’ ಅಂತ ಮಾಡಿದ್ದೇನೆ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಹೇಳಿದ್ದು ಅದರಡಿ ಚೆನ್ನಾಗಿ ಕೂತಿತು: ಶಿಕ್ಷೆ ಘೋರ ಅಂತ ಜನ ಹೆದರೋದಿಲ್ಲ, ತಪ್ಪಿಸಿಕೊಳ್ಳೋಕೆ ಆಗಲ್ಲ ಅಂತ ಹೆದರುತ್ತಾರೆ.

ಇನ್‌ಕೆಪಾಸಿಟೇಷನ್‌ಗೆ ಅಂತೂ ‘ಅಸಮರ್ಥಗೊಳಿಸುವಿಕೆ’ ಅಂತೆ. ಇದನ್ನು ಯಾರು ಓದಬೇಕು? ಬೆಳೆಗೆ ಬಾಯಿ ಹಾಕಿದ ದನವನ್ನು ದೊಡ್ಡಿಗೆ ಹೊಡೆಯುತ್ತಿದ್ದರಲ್ಲ, ದನಕ್ಕೆ ಬುದ್ಧಿ ಬರಲಿ ಅಂತ ಅಲ್ಲ, ಸದ್ಯ ಹೊಲ ಉಳಿದರೆ ಸಾಕು ಅಂತ. ಅದಕ್ಕೇ ನಾನು ‘ದೊಡ್ಡಿಗೆ ಹಾಕುವ ವಾದ’ ಅಂತ ಬರೆದೆ. ಇದನ್ನು ಗೆಳತಿ ಒಪ್ಪಿದಳು, ಯಾಕೆಂದರೆ ಆ 16 ಲಕ್ಷದ ಹಿಂದೆ ಇರುವುದರಲ್ಲಿ ಈ ವಾದದ ಪಾಲು ದೊಡ್ಡದು. ಅಲ್ಲಿ 1974ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್ ಬರೆದ ಲೇಖನ ಓದಿ, ಕೈದಿಗಳನ್ನು ತಿದ್ದೋ ಕೆಲಸ ಯಾವುದೂ ಫಲ ಕೊಡಲ್ಲ ಅಂತ ಜನ ತೀರ್ಮಾನ ಮಾಡಿಬಿಟ್ಟರು. ತಿದ್ದೋದು ಬಿಟ್ಟ ಮೇಲೆ ಉಳಿದದ್ದು ಕೂಡಿ ಹಾಕೋದು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಎರಡು ಸಲ ಗಂಭೀರ ಅಪರಾಧಕ್ಕೆ ಶಿಕ್ಷೆ ಆದವನು ಮೂರನೇ ಸಲ ಅಪರಾಧಿ ಅಂತಾದರೆ 25 ವರ್ಷದಿಂದ ಜೀವಾವಧಿವರೆಗೆ ಅಂತ ಕಾನೂನೇ ಬಂತು.

ನಮ್ಮ ‘ಶಿಕ್ಷೆ’ಯ ಕತೆ ನೋಡಿ, ಅದರ ಮೂಲ ಅರ್ಥವೇ ಕಲಿಕೆ. ಶಿಕ್ಷಣ, ಶಿಕ್ಷಕ ಎಲ್ಲ ಒಂದೇ ಮನೆಯವರು. ಪದದ ಒಳಗೇ ತಿದ್ದುವ ಆಸೆ ಇದೆ, ಆದರೂ ನಮ್ಮ ಕಿವಿಗೆ ಅದು ಕೇಳಿಸೋದು ಬಿಟ್ಟು ಎಷ್ಟೋ ಕಾಲ ಆಯಿತು.

ಮೊದಲಿನ ಪದಕ್ಕೇ ಬರ್ತೀನಿ. ನನಗೆ ಹೊಳೆದಿರೋದು ‘ಸಗಟು ಸೆರೆ’. ಬಳ್ಳಾರಿ ಬಜಾರಿನಲ್ಲಿ ಬೋರ್ಡ್ ಓದಿ ಬೆಳೆದವರಿಗೆ ಸಗಟು ಗೊತ್ತು. ಬಿಡಿಬಿಡಿಯಾಗಿ ನೋಡದೆ, ತೂಗಿ ನೋಡದೆ, ಲಾಟಿನ ಲೆಕ್ಕದಲ್ಲಿ ಎತ್ತೋದು. ನಮ್ಮ ಮಾಮ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಅವರಿಗೆ ಓದಿ ಹೇಳಿದೆ. “ಸಗಟು ಅಂದ್ರ ಅಗ್ಗ ಅಂದಂಗ ಆಗ್ತದವ್ವ. ಮಂದೀನ ಮೂಟಿ ಕಟ್ಟಿದಂಗ ಕೇಳ್ತದ” ಅಂದರು. ಮೂಟೆ ಕಟ್ಟಿದ ಹಾಗೆ ಕೇಳಿಸಿದರೆ ನನಗೇನೂ ತಕರಾರಿಲ್ಲ. ಆದರೆ ಅಗ್ಗ ಅನ್ನೋ ಮಾತು ತಲೆಯಿಂದ ಹೋಗುತ್ತಿಲ್ಲ.

ಮಾಮ ಇನ್ನೊಂದು ಹೇಳಿದರು. ಕೋರ್ಟಿನ ಮುಂದೆ ಬೇವಿನಮರದ ಕೆಳಗೆ ಕೂತ ತಾಯಂದಿರು ಸೆರೆ, ಸಜೆ ಏನೂ ಅನ್ನುತ್ತಿರಲಿಲ್ಲವಂತೆ. “ನನ್ನ ಮಗ ಒಳಗ ಅದಾನ್ರೀ” ಅಷ್ಟೇ. ತೀರ್ಪು ಆದವನೂ ‘ಒಳಗೆ’, ಆಗದವನೂ ‘ಒಳಗೆ’. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ನಾಲ್ವರಲ್ಲಿ ಮೂವರು. ‘ಸಗಟು ಸೆರೆ’ ಇವರಿಗೂ ಹೊಂದುತ್ತದಾ, ಅಥವಾ ಅಮೆರಿಕದ ಮಾತಾಗಿ ಅಲ್ಲೇ ಉಳಿಯುತ್ತದಾ?

ರಾಯಚೂರು, ಕೊಪ್ಪಳದ ಕಡೆಯವರಿಗೆ ಒಂದು ಕೇಳಬೇಕು. ವಿಚಾರಣಾಧೀನ ಕೈದಿಗೆ ಮರಾಠಿಯಲ್ಲಿ ‘ಕಚ್ಚಾ ಕೈದಿ’ ಅಂತಾರೆ, ಚೆಂದದ ಪದ. ನಿಜಾಮರ ಕಾಲದ ಕಾಗದಗಳಲ್ಲೋ ನಿಮ್ಮ ಹಿರಿಯರ ಬಾಯಲ್ಲೋ ಇದು ಅಥವಾ ಇಂಥದ್ದೇ ಒಂದು ಪದ ಇತ್ತಾ? ಇದ್ದರೆ ಬರೆಯಿರಿ, ಗುರುವಾರದೊಳಗೆ ಪಾಠ ವಾಪಸ್ ಕೊಡಬೇಕು.