ಶ್ರುತಿ ಪೆಟ್ಟಿಗಿಯಾಗ ಸಣ್ಣ ಸಿಳ್ಳಿನ ಸಪ್ಪಳ, ಫಿಲ್ಟರ್ ಹಾಕಿದ್ರೂ ಹೋಗವಲ್ದು

ವೈಂಡಿಂಗ್_ಗಂಗಾವತಿ:

ಎಲ್ಲಾರಿಗೂ ನಮಸ್ಕಾರ್ರಿ. ಗಂಗಾವತಿಯಾಗ ನಂದು ಮೋಟಾರ್ ವೈಂಡಿಂಗ್ ಅಂಗಡಿ ಐತಿ. ರೈಸ್ ಮಿಲ್ ಮೋಟಾರು, ಬೋರಿನ ಪಂಪು, ಹಗಲೆಲ್ಲ ಇದೇ ಕೆಲಸ. ಆರ್ಡುಯಿನೊ (ಪ್ರೋಗ್ರಾಂ ಬರದು ನಡಸೋ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು) ರಾತ್ರಿ ಹುಚ್ಚು. ನಮ್ಮ ಕಾಕಾ ಭಜನಿ ಮ್ಯಾಳದಾಗ ತತ್ವಪದ ಹಾಡ್ತಾರ, ಅವರಿಗೆ ಒಂದು ಶ್ರುತಿ ಪೆಟ್ಟಿಗಿ ಮಾಡಿಕೊಡಾಕ ಕುಂತೀನಿ. ಅವರ ಶ್ರುತಿ ಕರಿ ಒಂದು, ಅಂದ್ರ ಪೇಟಿಯ (ಹಾರ್ಮೋನಿಯಂ) ಮೊದಲ್ನೇ ಕರಿ ಕೀ.

ಒಳಗ ಇರೋದು ಇಷ್ಟ. ಆರ್ಡುಯಿನೊ ನ್ಯಾನೊ ಬೋರ್ಡು, ಕ್ಲಾಕು 16 ಮೆಗಾಹರ್ಟ್ಸ್. ‘ಟೈಮರ್ 1’ ಅನ್ನೋದು ಸೆಕೆಂಡಿಗೆ 16,000 ಸಲ ಇಂಟರಪ್ಟ್ (ನಡೆಯೋ ಕೆಲಸ ತಡದು ಬ್ಯಾರೆ ಕೆಲಸಕ್ಕ ಕರಿಯೋ ಸೂಚನಿ) ಕೊಡ್ತೈತಿ. ಪ್ರತಿ ಸಲ 32 ಬಿಟ್ಟಿನ ಫೇಸ್ ಅಕ್ಯುಮ್ಯುಲೇಟರಿಗೆ (ಅಲೆಯಾಗ ಎಲ್ಲಿದ್ದೀವಿ ಅನ್ನೋ ಎಣಿಕಿ) ಇನ್‌ಕ್ರಿಮೆಂಟ್ (ಸ್ವರ ಎಷ್ಟು ಎತ್ತರ ಅನ್ನೋದನ್ನ ಠರಾಯಿಸೋ ಹೆಜ್ಜಿ) ಕೂಡಿಸಿ, ಮ್ಯಾಲಿನ 8 ಬಿಟ್ ತಗೊಂಡು, 256 ಮನಿಯ ಸೈನ್ ಟೇಬಲ್ ನೋಡಿ, ಟೈಮರ್ 2ರ ಫಾಸ್ಟ್ ಪಿಡಬ್ಲ್ಯುಎಂಗೆ (ಪಿನ್ನನ್ನ ಜಲ್ದಿ ಆನ್-ಆಫ್ ಮಾಡಿ, ಆನ್ ಇರೋ ಪಾಲಿನಿಂದ ಬೆಲಿ ತೋರಸೋ ರೀತಿ) ಬರೀತೀನಿ; ಹಿಂಗ ಬರಿಯೋ ಒಂದೊಂದು ಬೆಲಿನೂ ಒಂದು ಸ್ಯಾಂಪಲ್. ಎರಡು ಸ್ವರ: ಸಾ 138.59 ಹರ್ಟ್ಸ್, ಪಾ ಅದರ ಒಂದೂವರೆ ಪಟ್ಟು. 11ನೇ ಪಿನ್ನಿನಿಂದ 1 ಕಿಲೋ ಓಮ್, 100 ನ್ಯಾನೊಫ್ಯಾರಡ್ ಇರೋ ಆರ್‌ಸಿ ಫಿಲ್ಟರ್, ಆಮ್ಯಾಲ ಎಲ್‌ಎಂ386 ಆಂಪ್ಲಿಫೈಯರ್ ಚಿಪ್ಪು, ಮೂರು ಇಂಚಿನ ಸ್ಪೀಕರ್.

ಸ್ವರ ಬರೋಬ್ಬರಿ ಬರ್ತೈತಿ. ಆದ್ರ ಅದರ ಮ್ಯಾಲ ಒಂದು ಸಣ್ಣ, ಒರಟು ಸಿಳ್ಳು ಕುಂತಿರ್ತೈತಿ. ಕಾಕಾ ಕಿವಿ ಹಚ್ಚಿ ಕೇಳಿ, ‘ಇದರಾಗ ಗುಂಗಾಡು ಹೊಕ್ಕೈತೇನಲೇ’ ಅಂದ್ರು. ಕರೆಂಟಿನ ಗುಂಯ್ ಅಂತೂ ಅಲ್ಲ; 50 ಹರ್ಟ್ಸ್, 100 ಹರ್ಟ್ಸ್ ದಿನಾ ಕೇಳೋ ಕಿವಿ ನಂದು. ಇನ್ನೊಂದು, ಶ್ರುತಿಯ ನಾಬ್ ತಿರುವುವಾಗ ಆಗಾಗ ‘ಟಿಕ್’ ಅಂತೈತಿ.

ರಾಯಚೂರ್_ರಿಪೇರಿ:

ಮೊದ್ಲು ಸಪ್ಲೈ ನೋಡ್ರಿ ಅಣ್ಣಾ. ಪಿಡಬ್ಲ್ಯುಎಂನಾಗ ಪಿನ್ ‘ಹೈ’ ಅಂದ್ರ ನಿಮ್ಮ 5 ವೋಲ್ಟ್ ಲೈನೇ ಹೊರಗ ಬರೋದು. ಆ ಲೈನಿನಾಗ ಏನು ಹೊಲಸು ಐತೋ ಅದು ಸೀದಾ ಸ್ವರಕ್ಕ ಸೇರತೈತಿ, ತಡಿಯೋರು ಯಾರೂ ಇಲ್ಲ. ಮೊಬೈಲ್ ಚಾರ್ಜರ್ ಹಾಕಿದ್ರ ತಗದು ಪವರ್ ಬ್ಯಾಂಕಿನ ಮ್ಯಾಲ ಓಡಿಸಿ ನೋಡ್ರಿ. ಆಂಪಿನ ಗ್ರೌಂಡು, ನ್ಯಾನೊ ಗ್ರೌಂಡು ಸಪ್ಲೈ ಹತ್ರ ಒಂದೇ ಜಾಗದಾಗ ಕೂಡ್ಲಿ.

ವೈಂಡಿಂಗ್_ಗಂಗಾವತಿ:

ಚಾರ್ಜರೇ ಇತ್ರಿ. ಪವರ್ ಬ್ಯಾಂಕಿಗೆ ಹಾಕಿದ ಮ್ಯಾಲ ಹಿಂದಿನ ಗೊರಗೊರ ಹೋತು, ಸಿಳ್ಳು ಹೋಗಲಿಲ್ಲ. (ನನ್ನ ಪವರ್ ಬ್ಯಾಂಕು ಇಷ್ಟು ಕಡಿಮಿ ಕರೆಂಟಿಗೆ ಯಾರೂ ಇಲ್ಲ ಅಂತ ತಿಳ್ಕೊಂಡು ತಾನಾ ಬಂದ್ ಆಗತೈತಿ, ಅದೊಂದು ಕಾಟ.) ಟೈಮರ್ 0ರ ಇಂಟರಪ್ಟ್ 1.024 ಮಿಲಿಸೆಕೆಂಡಿಗೊಮ್ಮೆ ನಡುವ ಬರತೈತಿ ಅಂತ ಅದನ್ನೂ ಬಂದ್ ಮಾಡಿ ನೋಡೀನಿ. ಅಷ್ಟಕ್ಕಷ್ಟೇ.

ಫೋನಿನ ಸ್ಪೆಕ್ಟ್ರಮ್ ಆ್ಯಪಿನಾಗ ಹಿಡಿದ್ರ ವಿಚಿತ್ರ ಕಾಣಸ್ತೈತಿ. 1,290 ಮತ್ತ 1,360 ಹರ್ಟ್ಸಿನ ಸುಮಾರು ಎರಡು ಮುಳ್ಳು, ಆಮ್ಯಾಲ 1,640 ಮತ್ತ 1,710ರ ಸುಮಾರು ಎರಡು. ನಟ್ಟನಡುವ 1,500ರಾಗ ಏನೂ ಇಲ್ಲ! ಶ್ರುತಿ ಏರಿಸಿದ್ರ ಮುಳ್ಳು ದೂರ ಸರೀತಾವು, ಇಳಿಸಿದ್ರ ಹತ್ರ ಬರ್ತಾವು, ನಡುವಿನ 1,500 ಮಾತ್ರ ಜಾಗ ಬಿಡಂಗಿಲ್ಲ.

ಬಳ್ಳಾರಿ_ಲ್ಯಾಬ್:

ಸರ್, ನಡುವೆ ಖಾಲಿ ಅಂದ್ರಲ್ಲ, ಉತ್ತರ ಅಲ್ಲೇ ಇದೆ. 1,500ರಲ್ಲಿ 138.6 ಕಳೀರಿ, 1,361. 207.9 ಕಳೀರಿ, 1,292. ಕೂಡಿದ್ರೆ ಆ ಕಡೆಯ ಎರಡು. ಹೊರಗಿಂದ ಬಂದು ಸೇರೋ ಸದ್ದಾಗಿದ್ರೆ 1,500ರಲ್ಲೇ ಮುಳ್ಳು ನಿಲ್ತಿತ್ತು, ಸ್ವರ ನಿಲ್ಲಿಸಿದ್ರೂ ಉಳೀತಿತ್ತು. ಇದು ಹಾಗಲ್ಲ. ಸೆಕೆಂಡಿಗೆ 1,500 ಸಲ ಯಾವುದೋ ನಿಮ್ಮ ಸ್ಯಾಂಪಲ್‌ಗಳ ಸಮಯವನ್ನೇ ಹಿಂದೆಮುಂದೆ ಮಾಡ್ತಿದೆ.

ಯಾವುದು ಅಂದ್ರೆ, ನಿಮ್ಮ ಎರಡು ಟೈಮರ್‌ಗಳ ಜಗಳ. ಫಾಸ್ಟ್ ಪಿಡಬ್ಲ್ಯುಎಂ ಸೆಕೆಂಡಿಗೆ 1,60,00,000 ಭಾಗಿಸು 256, ಅಂದ್ರೆ 62,500 ಆವರ್ತ. ಸ್ಯಾಂಪಲ್ 16,000. ಒಂದು ಸ್ಯಾಂಪಲ್‌ಗೆ 3.90625 ಆವರ್ತ ಬರುತ್ತೆ, ಪೂರ್ಣ ಸಂಖ್ಯೆ ಅಲ್ಲ. ಓಸಿಆರ್2ಎ ರಿಜಿಸ್ಟರಿಗೆ (ಪಿಡಬ್ಲ್ಯುಎಂ ಬೆಲೆ ಇಡೋ ಜಾಗ) ನೀವು ಬರೆದ ಬೆಲೆ ಕೂಡಲೇ ಪಿನ್ನಿಗೆ ಹೋಗಲ್ಲ. ಬಫರಲ್ಲಿ ಕಾದಿದ್ದು ಮುಂದಿನ ಆವರ್ತ ಶುರುವಾದಾಗ ಹೋಗುತ್ತೆ. ಹಾಗಾಗಿ ಹೆಚ್ಚಿನ ಸ್ಯಾಂಪಲ್‌ಗಳು ನಾಲ್ಕು ಆವರ್ತ ಇರ್ತವೆ, ಆಗಾಗ ಒಂದು ಮೂರಕ್ಕೇ ಮುಗಿದುಹೋಗುತ್ತೆ. ಹಾಗೆ ಮುಗಿಯೋದು ಸೆಕೆಂಡಿಗೆ ಎಷ್ಟು ಸಲ? 16,000ದ ನಾಲ್ಕು ಪಟ್ಟು 64,000, ಅದರಲ್ಲಿ 62,500 ಕಳೆದ್ರೆ 1,500.

ಹೆಚ್ಚೆಂದರೆ 16 ಮೈಕ್ರೊಸೆಕೆಂಡಿನ ಅಲುಗಾಟ, ಸದ್ದಿನ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಆದ್ರೆ ಮೂರು ಇಂಚಿನ ಸ್ಪೀಕರು 138 ಹರ್ಟ್ಸನ್ನ ಅರೆಬರೆ ನುಡಿಸುತ್ತೆ, 1,500ನ್ನ ಬಾಯಿತುಂಬ ನುಡಿಸುತ್ತೆ. ನಮ್ಮ ಕಿವಿಯೂ ಅಲ್ಲೇ ಚುರುಕು. ಫಿಲ್ಟರಿಂದ ಇದನ್ನ ತೆಗೀತೀನಿ ಅಂತ ಹೋಗಬೇಡಿ. ನಿಮ್ಮ ಆರ್‌ಸಿ ಫಿಲ್ಟರಿನ ಕಡಿತ (ಅದಕ್ಕಿಂತ ಮೇಲಿನದು ಕುಗ್ಗೋ ಗಡಿ) ಇರೋದೇ 1,591 ಹರ್ಟ್ಸಲ್ಲಿ. ಇನ್ನೂ ಕೆಳಗೆ ಇಳಿಸಿದ್ರೆ ನಾಳೆ ತಂಬೂರಿ ಥರ ಹಾರ್ಮೋನಿಕ್ಸ್ ಸೇರಿಸಿದಾಗ ಅದೂ ಸಾಯುತ್ತೆ.

ಟೈಮರ್ 1ನ್ನ ಬಿಟ್ಟುಬಿಡಿ. ಟೈಮರ್ 2ರ ಓವರ್‌ಫ್ಲೋ ಇಂಟರಪ್ಟನ್ನೇ (ಪ್ರತಿ ಆವರ್ತ ಮುಗಿದಾಗ ಬರೋದು) ಹಚ್ಚಿ, ನಾಲ್ಕಕ್ಕೊಂದು ಸಲ ಸ್ಯಾಂಪಲ್ ಲೆಕ್ಕ ಮಾಡಿ. ದರ 15,625 ಆಗುತ್ತೆ, ಪ್ರತಿ ಸ್ಯಾಂಪಲ್‌ಗೂ ಸರಿಯಾಗಿ ನಾಲ್ಕೇ ಆವರ್ತ. ಟೈಮರ್ 0 ನಡುವೆ ಬಂದು ನಾಲ್ಕೈದು ಮೈಕ್ರೊಸೆಕೆಂಡ್ ತಡ ಮಾಡಿದ್ರೂ ಬಫರ್ ಅದನ್ನ ನುಂಗಿಹಾಕುತ್ತೆ. ಇಂಟರಪ್ಟಿನ ಕೆಲಸ 256 ಕ್ಲಾಕಿನೊಳಗೆ ಮುಗೀಬೇಕು, ಅಷ್ಟು ನೋಡ್ಕೊಳ್ಳಿ.

ಇನ್‌ಕ್ರಿಮೆಂಟ್ ಬದಲಿಸೋದು ಮರೀಬೇಡಿ. 2ರ ಘಾತ 32ನ್ನ 15,625ರಿಂದ ಭಾಗಿಸಿ 138.59ರಿಂದ ಗುಣಿಸಿದ್ರೆ ಸಾ 3,80,95,329, ಪಾ 5,71,42,994. ಹಳೇದೇ ಬಿಟ್ರೆ ಶ್ರುತಿ 41 ಸೆಂಟ್ (ಒಂದು ಸೆಂಟ್ ಅಂದ್ರೆ ಅರ್ಧಸ್ವರದ ನೂರನೇ ಪಾಲು) ಇಳಿಯುತ್ತೆ, ಕರಿ ಒಂದಕ್ಕೂ ಬಿಳಿ ಒಂದಕ್ಕೂ ನಡುವೆ ಹೆಚ್ಚೂಕಮ್ಮಿ ಅರ್ಧ ದಾರಿ. ಕಾಕಾ ಬಯ್ತಾರೆ.

ಸಿಂಧನೂರ್_ಸೋಲ್ಡರ್:

‘ಟಿಕ್’ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ. ಇದು 8 ಬಿಟ್ಟಿನ ಚಿಪ್ಪು. 32 ಬಿಟ್ಟಿನ ಇನ್‌ಕ್ರಿಮೆಂಟ್ ಬರಿಯಾಕ ನಾಲ್ಕು ಬೈಟು ಒಂದೊಂದಾಗಿ ಇಡತೈತಿ. ಎರಡು ಬೈಟ್ ಹೊಸದು, ಎರಡು ಹಳೇದು ಇದ್ದಾಗ ಇಂಟರಪ್ಟ್ ಬಂದ್ರ ಆ ಒಂದು ಸ್ಯಾಂಪಲ್ಲಿಗೆ ಫೇಸ್ ಎತ್ಲಾಗೋ ಜಿಗಿತೈತಿ, ಅದೇ ಟಿಕ್. ಲೂಪಿನಾಗ ಹೊಸ ಬೆಲಿ ಇಡೋ ಸಾಲಿಗಷ್ಟ ಇಂಟರಪ್ಟ್ ಬಂದ್ ಮಾಡಿ ಮತ್ತ ಬಿಡ್ರಿ. ವೇರಿಯಬಲ್ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಅನ್ನೋ ಗುರುತು) ಇರ್ಲಿ, ಆದ್ರ ಬರೇ ಅದರಿಂದ ಇದು ನಿಲ್ಲಂಗಿಲ್ಲ. ನಾಬಿನ ವೋಲ್ಟೇಜನ್ನ ಅಂಕಿ ಮಾಡೋ ಎಡಿಸಿಯ ಕಡೀ ಬಿಟ್ ಸುಮ್ಮನ ಕುಣಿತಿರ್ತೈತಿ, ಎರಡು ಮೂರು ಹೆಜ್ಜಿ ಸರಿದ್ರಷ್ಟ ಶ್ರುತಿ ಬದಲಸ್ರಿ.

ವೈಂಡಿಂಗ್_ಗಂಗಾವತಿ:

ಎರಡೂ ಮಾಡಿದೆ. ಸಿಳ್ಳು ಹೋತು, ಆ್ಯಪಿನಾಗ 1,500ರ ಸುತ್ತ ಬಯಲು. ಟಿಕ್ಕೂ ಇಲ್ಲ. ಲ್ಯಾಬ್ ಸರ್, ನಿಮ್ಮ ಲೆಕ್ಕ ನಮ್ಮ ಮೋಟಾರ್ ಸ್ಲಾಟಿನ ಲೆಕ್ಕದಂಗ ಬರೋಬ್ಬರಿ ಕೂತೈತಿ. ಈಗ ಕಾಕಾರ ತಕರಾರು ಬ್ಯಾರೆ: ಪೇಟಿ ಜೋಡಿ ಹಚ್ಚಿದ್ರ ಸ್ವರ ನಿಧಾನಕ ತೇಲತೈತಂತ, ಎರಡು ಸೆಕೆಂಡಿಗೆ ಒಂದು ಅಲೆ.

ಬಳ್ಳಾರಿ_ಲ್ಯಾಬ್:

ಅಂದ್ರೆ ಅರ್ಧ ಹರ್ಟ್ಸ್ ವ್ಯತ್ಯಾಸ. ನ್ಯಾನೊದ ಕ್ಲಾಕು ನಡೆಸೋ ರೆಸೊನೇಟರು ಅಷ್ಟು ಆಚೀಚೆ ಇರುತ್ತೆ, ಪೇಟಿಯೂ ಇದ್ದೀತು. 1 ಹರ್ಟ್ಸಿಗೆ 2,74,878, ಅದರಲ್ಲಿ ಅರ್ಧ ಸಾ ಇನ್‌ಕ್ರಿಮೆಂಟಿಗೆ ಕೂಡಿಸಿ ನೋಡಿ. ಅಲೆ ಇನ್ನೂ ಬೇಗಬೇಗ ಬಂದ್ರೆ ಕಳೀರಿ. ಪಾಗೆ ಅದರ ಒಂದೂವರೆ ಪಟ್ಟು. ಇನ್ನೂ ಒಂದು ಸಣ್ಣ ನಾಬ್ ಇಟ್ಟು ಅದನ್ನ ಕಾಕಾರ ಕೈಗೇ ಕೊಟ್ಟುಬಿಡಿ.