ಓಎಸ್ ಹಾಕಿಸಿ ಮೂರೇ ವಾರ, ಲ್ಯಾಪ್‌ಟಾಪ್ ಮತ್ತೆ ಮಲಗಿದೆ. ಇನ್ನೊಂದು ಸಲ ಹಾಕಲಾ?

ರೀಲರ್_ಮಗ (ಶಿಡ್ಲಘಟ್ಟ)
2016ರ ಲ್ಯಾಪ್‌ಟಾಪ್. ಇಂಟೆಲ್ ಆರನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಓಎಸ್ ವಿಂಡೋಸ್ 10. ಹೋದ ತಿಂಗಳು ಆನ್ ಆಗೋಕೇ ಹತ್ತು ನಿಮಿಷ ಹಿಡಿಯುತ್ತಿತ್ತು. ಅಂಗಡಿಗೆ ಕೊಟ್ಟೆ. "ಓಎಸ್ ಕೆಟ್ಟಿದೆ" ಅಂತ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಟ್ಟರು, 500 ರೂಪಾಯಿ. ಮೂರು ವಾರ ಕುದುರೆ ಹಾಗೆ ಓಡಿತು. ಈಗ ಮತ್ತೆ ಅದೇ ಕತೆ, ಜೊತೆಗೆ ಕಿವಿ ಇಟ್ಟರೆ ಟಿಕ್ ಟಿಕ್ ಸದ್ದು. ಡಿ ಡ್ರೈವ್‌ನಲ್ಲಿ ಅಪ್ಪನ ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಘಟಕ) ಲೆಕ್ಕ ಇದೆ. ಯಾವತ್ತು ಮಾರ್ಕೆಟ್‌ನಲ್ಲಿ ಯಾವ ಲಾಟ್ ಹಿಡಿದರು, ಎಷ್ಟು ಕೆಜಿ ಗೂಡು, ಎಷ್ಟು ನೂಲು ಇಳಿಯಿತು, ಎಲ್ಲ. ಆರು ವರ್ಷದ್ದು. ಬ್ಯಾಕಪ್ ಇಲ್ಲ, ಬೈಯಿರಿ ಪರವಾಗಿಲ್ಲ. ನಾನೇ ಪೆನ್‌ಡ್ರೈವ್‌ನಿಂದ ಇನ್ನೊಂದು ಸಲ ಓಎಸ್ ಹಾಕಿದರೆ ಸರಿ ಹೋಗುತ್ತಾ?

ನೀಲಗಿರಿ_ತೋಪು
ಹಾಕಿ, ಏನೂ ಆಗಲ್ಲ. ಅದಕ್ಕೆ ಮುಂಚೆ ಚೆಕ್‌ಡಿಸ್ಕ್ ಸ್ಲ್ಯಾಷ್ ಆರ್ (ಡಿಸ್ಕ್ ತಪಾಸಣೆ ಮಾಡುವ ವಿಂಡೋಸ್ ಕಮಾಂಡ್) ಕೊಟ್ಟು ರಾತ್ರಿ ಬಿಟ್ಟುಬಿಡಿ. ಬ್ಯಾಡ್ ಸೆಕ್ಟರ್ (ಡಿಸ್ಕ್‌ನಲ್ಲಿ ಕೆಟ್ಟ ಚೂರು ಜಾಗ) ಎಲ್ಲ ಗುರುತು ಮಾಡಿ ಪಕ್ಕಕ್ಕೆ ಇಡುತ್ತದೆ. ನನ್ನದು ಹಾಗೆ ಮಾಡಿ ಎರಡು ವರ್ಷ ಓಡಿದೆ.

ಚಿಂತಾಮಣಿ_ಸ್ಕ್ರೂಡ್ರೈವರ್
ಬೇಡ. ಬೇಡ. ಬೇಡ. ಚೆಕ್‌ಡಿಸ್ಕ್‌ಗೆ ಬೇಕಾಗಿರುವುದು ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅನ್ನೋ ವ್ಯವಸ್ಥೆ) ಸರಿಯಾಗಿರುವುದು, ನಿಮ್ಮ ಫೈಲ್ ಉಳಿಯುವುದಲ್ಲ. ಸಾಯುತ್ತಿರುವ ಡಿಸ್ಕನ್ನು ಮೂಲೆ ಮೂಲೆ ಓದಿಸುತ್ತದೆ, ಮೇಲೆ ಬರೆಯುತ್ತದೆ ಬೇರೆ. ಜ್ವರ ಬಂದವನನ್ನು ನಂದಿಬೆಟ್ಟ ಹತ್ತಿಸಿದ ಹಾಗೆ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್‌ನ ಆರೋಗ್ಯ ತೋರಿಸುವ ಸಾಫ್ಟ್‌ವೇರ್) ತೆಗೆದು 05, ಸಿ5, ಸಿ6, ಸಿ7 ಎದುರು ಏನಿದೆ ಹೇಳಿ. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿಡಿ.

ರೀಲರ್_ಮಗ
ಹಳದಿ ಬಣ್ಣದಲ್ಲಿ 'ಕಾಶನ್' ಅಂತ ಬಂತು. 05 ಎದುರು ಸೊನ್ನೆಗಳ ಕೊನೆಗೆ 7ಡಿ8. ಸಿ5 ಎದುರು 148. ಸಿ6 ಕೂಡ 148. ಸಿ7 ಸೊನ್ನೆ. 148 ಅಂದರೆ ಅಷ್ಟೇನೂ ಜಾಸ್ತಿ ಅಲ್ಲ ಅಲ್ವಾ?

ಚಿಂತಾಮಣಿ_ಸ್ಕ್ರೂಡ್ರೈವರ್
ಅದು 148 ಅಲ್ಲ. ಆ ಸಾಫ್ಟ್‌ವೇರ್ ಸಂಖ್ಯೆಯನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ನಮ್ಮ ಲೆಕ್ಕದಲ್ಲಿ 148 ಅಂದರೆ 328. 7ಡಿ8 ಅಂದರೆ 2008. ಅಂದರೆ ಡಿಸ್ಕ್ ಈಗಾಗಲೇ 2008 ಸೆಕ್ಟರ್ ಕೈಬಿಟ್ಟು, ಒಳಗೆ ಮೀಸಲಿಟ್ಟ ಜಾಗಕ್ಕೆ ಬದಲಿಸಿಕೊಂಡಿದೆ. ಇನ್ನೂ 328 ಸೆಕ್ಟರ್ ಓದಲಾಗದೆ 'ಪೆಂಡಿಂಗ್' ಕೂತಿವೆ.

ಈಗ ಆ ಮೂರು ವಾರದ ಗುಟ್ಟು ಕೇಳಿ. ಪೆಂಡಿಂಗ್ ಸೆಕ್ಟರ್ ಓದುವಾಗ ಡಿಸ್ಕ್ ತಿಣುಕುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ, ವಿಂಡೋಸ್ ಕಾಯುತ್ತಾ ಕೂರುತ್ತದೆ. ಅದೇ ನಿಮ್ಮ ಹತ್ತು ನಿಮಿಷ. ಆದರೆ ಅದೇ ಸೆಕ್ಟರ್ ಮೇಲೆ ಹೊಸದೇನಾದರೂ ಬರೆದರೆ, ಆ ಜಾಗ ನಿಜಕ್ಕೂ ಕೆಟ್ಟಿದ್ದಲ್ಲಿ ಡಿಸ್ಕ್ ಸದ್ದಿಲ್ಲದೆ ಅದನ್ನು ಮೀಸಲು ಜಾಗಕ್ಕೆ ದಾಟಿಸುತ್ತದೆ. ಅಂಗಡಿಯವರು ಹೊಸ ಓಎಸ್ ಬರೆದಾಗ ಸಿ ಡ್ರೈವ್‌ನಲ್ಲಿ ಆಗಿದ್ದು ಇದೇ. ರೋಗ ವಾಸಿಯಾಗಲಿಲ್ಲ, ಹುಣ್ಣಿನ ಮೇಲೆ ಬಟ್ಟೆ ಕಟ್ಟಿದ ಹಾಗಾಯಿತು. ಓಎಸ್ ತಪ್ಪು ಆವತ್ತೂ ಇರಲಿಲ್ಲ.

ನೀಲಗಿರಿ_ತೋಪು
ಸರಿ, ಆದರೆ ಎಲ್ಲದಕ್ಕೂ ಡಿಸ್ಕ್ ಬಿಸಾಕು ಅನ್ನೋದು ಅಂಗಡಿ ಮಾತು. ನನ್ನದೂ ಹೀಗೇ ನಿಧಾನ ಆಗಿತ್ತು, ಎರರ್ ಬರುತ್ತಿತ್ತು. ಬಿಚ್ಚಿ ಕನೆಕ್ಟರ್ ಒತ್ತಿ ಕೂರಿಸಿ ಚೆಕ್‌ಡಿಸ್ಕ್ ಓಡಿಸಿದೆ, ಸರಿ ಹೋಯಿತು.

ಚಿಂತಾಮಣಿ_ಸ್ಕ್ರೂಡ್ರೈವರ್
ಹಾಗಾದರೆ ನಿಮ್ಮದನ್ನು ಸರಿ ಮಾಡಿದ್ದು ಕನೆಕ್ಟರ್, ಹೆಸರು ಬಂದಿದ್ದು ಚೆಕ್‌ಡಿಸ್ಕ್‌ಗೆ. ಕೇಬಲ್ ತೊಂದರೆ ಆದರೆ ಸಿ7 ಏರುತ್ತದೆ. ಇವರದ್ದು ಸೊನ್ನೆ. ಇವರದ್ದು ಡಿಸ್ಕೇ.

ಬಾಗೇಪಲ್ಲಿ_ಮಿಂಟ್
ವಿಂಡೋಸ್ 10 ಮತ್ತೆ ಯಾಕೆ ಹಾಕಬೇಕು? 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಆರನೇ ತಲೆಮಾರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ, ಇಂಟೆಲ್‌ನಲ್ಲಿ ಎಂಟನೆಯದು ಬೇಕು. ಲಿನಕ್ಸ್ ಮಿಂಟ್ 22 (ಉಚಿತವಾಗಿ ಸಿಗುವ ಓಎಸ್) ಹಾಕಿ, 2029ರವರೆಗೆ ಅಪ್‌ಡೇಟ್ ಬರುತ್ತದೆ. 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ.

ಗೌರಿಬಿದನೂರು_ಮೇಷ್ಟ್ರು
ಬಂದರಪ್ಪಾ ಮಿಂಟ್‌ನವರು, ಯಾಕೆ ಇನ್ನೂ ಬರಲಿಲ್ಲ ಅಂತ ನೋಡುತ್ತಿದ್ದೆ. ಅಪ್ಪನ ಫೈಲ್‌ಗಳು ನುಡಿಯ ಹಳೇ ಫಾಂಟ್‌ನಲ್ಲಿ ಇದ್ದರೆ? ನಮ್ಮ ಶಾಲೆಯ ಹತ್ತು ವರ್ಷದ ಪ್ರಶ್ನೆಪತ್ರಿಕೆ ಹಾಗೇ ಇದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತದೆ. ಓಎಸ್ ಯಾವುದೇ ಹಾಕಿ, ಹಳೇ ಸಿ ಡ್ರೈವ್‌ನ ಫಾಂಟ್ಸ್ ಫೋಲ್ಡರ್ ಮೊದಲು ಎತ್ತಿಡಿ. ಡಾಕ್ಯುಮೆಂಟ್ಸ್ ಎಲ್ಲರಿಗೂ ನೆನಪಿರುತ್ತದೆ, ಫಾಂಟ್ ಯಾರಿಗೂ ನೆನಪಿರಲ್ಲ.

ಬಾಗೇಪಲ್ಲಿ_ಮಿಂಟ್
ಒಪ್ಪಿದೆ ಮೇಷ್ಟ್ರೇ. ಹೊಸದಾಗಿ ಟೈಪ್ ಮಾಡಲು ಮಿಂಟ್‌ನಲ್ಲೂ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿ ಕಲಿತ ಬೆರಳಿಗೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ಹಳೇ ಫೈಲ್‌ಗಳನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸಿಕೊಂಡರೆ ಒಳ್ಳೇದು.

ರೀಲರ್_ಮಗ
ಅಪ್ಪ ಇಂಗ್ಲಿಷ್‌ನಲ್ಲೇ ಹೊಡೆಯೋದು. ನುಡಿ ಅಕ್ಕನ ಪ್ರಾಜೆಕ್ಟ್‌ದು ಮಾತ್ರ. ಈಗ ನೇರವಾಗಿ ಹೇಳಿ, ಡಿ ಡ್ರೈವ್ ಹೊರಗೆ ತೆಗೆಯೋದು ಹೇಗೆ? ಕಾಪಿ ಪೇಸ್ಟ್ ಮಾಡಿದರೆ ಎಂಟು ಪರ್ಸೆಂಟ್‌ಗೆ ನಿಂತುಬಿಡುತ್ತದೆ. ಗೆಳೆಯ ಒಬ್ಬ ಡಿಸ್ಕ್ ಫ್ರೀಜರ್‌ನಲ್ಲಿಡು ಅಂದ.

ಚಿಂತಾಮಣಿ_ಸ್ಕ್ರೂಡ್ರೈವರ್
ಫ್ರೀಜರ್‌ನಲ್ಲಿ ಬಟಾಣಿ ಇಡಲಿ. ಹೊರಗೆ ತೆಗೆದ ಕ್ಷಣ ಒಳಗೆ ನೀರಿನ ಹನಿ ಕಟ್ಟುತ್ತದೆ, ಇದ್ದದ್ದೂ ಹೋಗುತ್ತದೆ.

ಡಿ ಡ್ರೈವ್‌ಗಿಂತ ದೊಡ್ಡ, ಖಾಲಿ ಎಕ್ಸ್‌ಟರ್ನಲ್ ಡಿಸ್ಕ್ ಒಂದು ಸಾಲ ತನ್ನಿ. ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತಬೇಡಿ. ಕೆಟ್ಟ ಡಿಸ್ಕ್‌ನಿಂದ ಕಾಪಿ ತೆಗೆಯುವ ಡಿಡಿರೆಸ್ಕ್ಯೂ ಹಾಕಿಕೊಳ್ಳಿ, ಹುಡುಕುವಾಗ ಹೆಸರಿನ ಶುರುವಿನಲ್ಲಿ ಒಂದು 'ಜಿ' ಸೇರಿಸಿ. ಮಾಮೂಲಿ ಕಾಪಿ ಕೆಟ್ಟ ಜಾಗಕ್ಕೆ ಬಂದು ಅಲ್ಲೇ ಹಟ ಹಿಡಿಯುತ್ತದೆ. ಇದು ಹಾಗಲ್ಲ. ಕೆಟ್ಟ ಜಾಗ ಸಿಕ್ಕರೆ ದಾಟಿ ಮುಂದೆ ಹೋಗುತ್ತದೆ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು ಆಮೇಲೆ ವಾಪಸ್ ಬರುತ್ತದೆ. ಮೊದಲ ಸುತ್ತಿಗೆ ಮೈನಸ್ ಎನ್ ಕೊಡಿ, ಕೆರೆಯುವ ಕೆಲಸ ಎರಡನೇ ಸುತ್ತಿಗಿರಲಿ. ಕೊನೆಗೆ ಮ್ಯಾಪ್ ಫೈಲ್ ಹೆಸರು ಕೊಡಲೇಬೇಕು, ಅದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೇ ಇರಬೇಕು. ಎಲ್ಲಿವರೆಗೆ ಬಂದೆ ಅನ್ನೋದು ಅದರಲ್ಲಿ ಬರೆದಿರುತ್ತದೆ. ಯಾವುದು ಮೂಲ, ಯಾವುದು ಗುರಿ ಎರಡು ಸಲ ನೋಡಿ. ಅದಲು ಬದಲಾದರೆ ನಾನಲ್ಲ ಯಾರೂ ಏನೂ ಮಾಡೋಕಾಗಲ್ಲ. ಟಿಕ್ ಸದ್ದು ಜೋರಾದರೆ ನಿಲ್ಲಿಸಿ. ಆಗ ಡೇಟಾ ರಿಕವರಿ ಲ್ಯಾಬ್ ಬಿಟ್ಟು ದಾರಿ ಇಲ್ಲ.

ರೀಲರ್_ಮಗ
ಒಹ್, ನೂಲು ಬಿಚ್ಚುವಾಗ ಎಳೆ ಸಿಗದ ಗೂಡನ್ನು ಪಕ್ಕಕ್ಕೆ ತಳ್ಳಿ, ಸಿಗುವ ಗೂಡನ್ನು ಮೊದಲು ಓಡಿಸುತ್ತಾರಲ್ಲ, ಹಾಗೆ!

ಚಿಂತಾಮಣಿ_ಸ್ಕ್ರೂಡ್ರೈವರ್
ಹಾಗೇ. ಆಮೇಲೆ ಹೊಸ ಎರಡೂವರೆ ಇಂಚಿನ ಎಸ್‌ಎಸ್‌ಡಿ ಹಾಕಿ, ಅದರ ಮೇಲೆ ಓಎಸ್. ಹಳೆಯದನ್ನು ಕ್ಲೋನ್ (ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು) ಮಾಡಬೇಡಿ, ಓದಲಾಗದ ವಿಂಡೋಸ್ ಫೈಲ್‌ಗಳ ಜಾಗ ಹೊಸದರಲ್ಲೂ ಖಾಲಿ ಬರುತ್ತದೆ. ವಿಂಡೋಸ್ ಲೈಸೆನ್ಸ್ ಚಿಂತೆ ಬೇಡ. ಜೊತೆಗೇ ಬಂದಿದ್ದಾದರೆ ಅದು ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಿಸಿದರೆ ಹೋಗಲ್ಲ.

ನೀಲಗಿರಿ_ತೋಪು
ಎಸ್‌ಎಸ್‌ಡಿಗೆ ದುಡ್ಡಿಲ್ಲದ ಹುಡುಗರು ಏನು ಮಾಡಬೇಕು? ಕೆಟ್ಟ ಜಾಗ ಬಿಟ್ಟು ಉಳಿದದ್ದರಲ್ಲಿ ಪಾರ್ಟಿಷನ್ ಮಾಡಿ ಓಎಸ್ ಹಾಕಬಹುದಲ್ಲ. ನಾನು ಕಾಲೇಜಿನಲ್ಲಿದ್ದಾಗ ಹಾಗೇ ದೂಡಿದ್ದು.

ಬಾಗೇಪಲ್ಲಿ_ಮಿಂಟ್
ಅದಕ್ಕಿಂತ ಡಿಸ್ಕ್ ತೆಗೆದಿಟ್ಟು ಪೆನ್‌ಡ್ರೈವ್‌ನಲ್ಲೇ ಮಿಂಟ್ ಓಡಿಸಿ. ನಿಧಾನ, ಆದರೆ ನಾಳೆ ಬೆಳಿಗ್ಗೆಯೂ ಇರುತ್ತದೆ.

ಚಿಂತಾಮಣಿ_ಸ್ಕ್ರೂಡ್ರೈವರ್
ತೋಪಿನವರೇ, ಸಿನಿಮಾ ನೋಡೋಕೆ ಸಾಕು, ಲೆಕ್ಕ ಇಡೋಕೆ ಬೇಡ. ಕೆಟ್ಟ ಜಾಗ ಇದ್ದಲ್ಲೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ರೀಲರ್_ಮಗ
ಐದು ದಿನ ಆದಮೇಲೆ ಬರೆಯುತ್ತಿದ್ದೇನೆ. ಎರಡು ರಾತ್ರಿ ಹಿಡಿಯಿತು. ಮೊದಲ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು, ಬ್ಯಾಟರಿ ಸತ್ತು ವರ್ಷ ಆಗಿದೆ, ಪಟ್ ಅಂತ ಆಫ್. ಮ್ಯಾಪ್ ಫೈಲ್ ಇದ್ದಿದ್ದರಿಂದ ಬೆಳಿಗ್ಗೆ ಅದೇ ಕಮಾಂಡ್ ಕೊಟ್ಟೆ, ಬಿಟ್ಟಲ್ಲಿಂದ ಹಿಡಿಯಿತು. ಕೊನೆಗೆ ಬಾರದೆ ಉಳಿದದ್ದು 3 ಎಂಬಿಗೂ ಕಡಿಮೆ. ಆದರೆ ನೋಡಿ ಅದೃಷ್ಟ, ಅದರಲ್ಲಿ ಒಂದು ಚೂರು 2022ರ ಲೆಕ್ಕದ ಎಕ್ಸೆಲ್ ಒಳಗೇ ಬಿದ್ದಿದೆ. ಫೈಲ್ ತೆರೆಯುವುದೇ ಇಲ್ಲ. ಅಕ್ಕನ ಮದುವೆಯ ನಾಲ್ಕೈದು ಫೋಟೋ ಅರ್ಧದಿಂದ ಕೆಳಗೆ ಬೂದು ಬಣ್ಣ.

ಗೌರಿಬಿದನೂರು_ಮೇಷ್ಟ್ರು
ಆ ವರ್ಷದ ಲೆಕ್ಕ ಆಡಿಟರ್‌ಗೆ ಮೇಲ್ ಮಾಡಿರಲಿಲ್ಲವಾ? ಸೆಂಟ್ ಫೋಲ್ಡರ್ ನೋಡಿ.

ರೀಲರ್_ಮಗ
ಮೇಷ್ಟ್ರೇ, ಇತ್ತು! ಮಾರ್ಚ್ ಕೊನೆವರೆಗಿನದು. ಸಾಕು. ಎಸ್‌ಎಸ್‌ಡಿ ಬಂದಿದೆ, ಮಿಂಟ್ ಹಾಕಿದೆ. ಅಪ್ಪ "ಇದೇನು ಬಟನ್ ಎಲ್ಲ ಬೇರೆ ಕಡೆ ಇದೆ" ಅಂತ ಗೊಣಗುತ್ತಾ ಇವತ್ತಿನ ಲಾಟ್ ಬರೆಯುತ್ತಿದ್ದಾರೆ. ಹಳೇ ಡಿಸ್ಕ್ ಗುಜರಿಗೆ ಹಾಕಲಾ?

ಚಿಂತಾಮಣಿ_ಸ್ಕ್ರೂಡ್ರೈವರ್
ಇನ್ನೊಂದು ತಿಂಗಳು ಬೀರುವಿನಲ್ಲಿ ಇಡಿ, ಬೇರೇನಾದರೂ ನೆನಪಾಗಬಹುದು. ಆಮೇಲೆ ಬಿಚ್ಚಿ ಪ್ಲೇಟ್ ಹಾಳು ಮಾಡಿ ಕೊಡಿ. ಒಳಗೆ ಆಯಸ್ಕಾಂತ ಇರುತ್ತೆ, ಅದನ್ನು ಮಾತ್ರ ನನಗೆ ಕಳಿಸಿ. ಸ್ಕ್ರೂ ಹಿಡಿಯೋಕೆ ಅದಕ್ಕಿಂತ ಒಳ್ಳೇದು ಅಂಗಡಿಯಲ್ಲಿ ಸಿಗಲ್ಲ.